ಗೋಡೆಗೆ ಹಾಕ್ಲಾ?

ಹೋದ ತಿಂಗಳು ಆಫೀಸಿನಲ್ಲಿ ಒಂದು ಮೀಟಿಂಗ್ ಇತ್ತು. ನಮ್ಮದು ಶಾಲಾ ಮಕ್ಕಳಿಗೆ ಆನ್‌ಲೈನ್ ಪಾಠ ತಯಾರಿಸೋ ಕಂಪನಿ. ಮಕ್ಕಳು ಬರೆದ ಪ್ರಬಂಧಗಳನ್ನ ಟೀಚರ್ ಒಂದು ಬಟನ್ ಒತ್ತಿ ಎಲ್ಲರಿಗೂ ಕಾಣುವಂತೆ ಮಾಡಬಹುದಾದ ಹೊಸ ಫೀಚರ್ ಬರ್ತಿದೆ. "ಪೋಷಕರ ಒಪ್ಪಿಗೆಗೆ ಟಿಕ್ ಬಾಕ್ಸ್ ಇದೆ, ಲೀಗಲ್‌ನವರು ಓಕೆ ಅಂದಿದ್ದಾರೆ. ಟೀಚರ್‌ಗಳಿಗೆ ಅರ್ಧ ಪುಟದ ಸೂಚನೆ ಬೇಕು ಅಷ್ಟೆ. ನೀವು ಪಾಠ ಮಾಡಿದವರಲ್ವಾ, ಬರೆದುಕೊಡಿ" ಅಂದರು ಮ್ಯಾನೇಜರ್. ಅರ್ಧ ಪುಟ. ಒಂದು ಮಧ್ಯಾಹ್ನದ ಕೆಲಸ. ನಾನು ಮೂರು ವಾರ ತಗೊಂಡೆ.

ಯಾಕೆ ಅಂತ ಹೇಳಬೇಕಾದ್ರೆ ಶಿರಂಗಾಲಕ್ಕೆ ಹೋಗಬೇಕು.

ಕೊಡಗು ಅಂದ ಕೂಡಲೇ ಬೆಂಗಳೂರಿನ ಸ್ನೇಹಿತರಿಗೆಲ್ಲ ಕಾಫಿ ತೋಟ, ಮಂಜು, ಹೋಂಸ್ಟೇ ನೆನಪಾಗುತ್ತೆ. ಶಿರಂಗಾಲದಲ್ಲಿ ಇವು ಯಾವುದನ್ನೂ ಹುಡುಕಬೇಡಿ. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ದಾಟಿ ಬಸ್ಸು ಇಳಿದರೆ ಅದು ಜಿಲ್ಲೆಯ ಅಂಚು. ಇನ್ನೊಂದು ಸ್ವಲ್ಪ ಮುಂದೆ ಹೋದರೆ ಹಾಸನ ಜಿಲ್ಲೆ, ಕೊಣನೂರು, ರಾಮನಾಥಪುರ. ಗುಡ್ಡ ಮುಗಿದು ಬಯಲು ಶುರುವಾಗುವ ಜಾಗ. ಭತ್ತ, ಜೋಳ, ಶುಂಠಿ. ಪಕ್ಕದಲ್ಲಿ ಕಾವೇರಿ. ಮಾತು ಕೂಡ ಮಡಿಕೇರಿಯದ್ದಲ್ಲ, ಅರಕಲಗೂಡಿನ ಕಡೆಯದ್ದು. 2018ರ ಜೂನ್‌ನಲ್ಲಿ, ಬಿ.ಎಡ್. ಮುಗಿಸಿದ ಬಿಸಿಯಲ್ಲಿ, ಆ ಭಾಗದ ಒಂದು ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಎಂಟನೇ ತರಗತಿಗೆ ಕನ್ನಡ.

ಮೊದಲನೇ ಪ್ರಬಂಧ 'ನಾಡಹಬ್ಬಗಳು'. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಹಾಳೆ, ಎಲ್ಲದರಲ್ಲೂ ಮೊದಲ ವಾಕ್ಯ ಒಂದೇ. ಗೈಡಿನಲ್ಲಿದ್ದದ್ದು. ಭಾರತ ಹಬ್ಬಗಳ ನಾಡು ಅಂತ ಶುರುವಾಗಿ, ಹಬ್ಬಗಳು ನಮ್ಮಲ್ಲಿ ಐಕ್ಯತೆ ಮೂಡಿಸುತ್ತವೆ ಅಂತ ಮುಗಿಯೋದು. ಇದೇ ಮಕ್ಕಳು ಊಟದ ಹೊತ್ತಲ್ಲಿ ಮರದ ಕೆಳಗೆ ಕೂತು ಹಬ್ಬದ ದಿನ ಕುರಿ ತಪ್ಪಿಸಿಕೊಂಡು ಓಡಿದ ಕಥೆಯನ್ನ ಹೇಗೆ ಹೇಳ್ತಿದ್ರು ಅಂದ್ರೆ ಹೊಟ್ಟೆ ಹಿಡ್ಕೊಂಡು ನಗಬೇಕು. ಪೆನ್ನು ಕೈಗೆ ಬಂದ ಕೂಡಲೇ ಆ ಕುರಿ ಮಾಯ, ಐಕ್ಯತೆ ಹಾಜರ್. ತಪ್ಪು ಅವರದ್ದಲ್ಲ. ಅವರ ಬರಹವನ್ನ ಓದೋದು ಒಬ್ಬರೇ, ಅದೂ ಕೆಂಪು ಪೆನ್ನು ಹಿಡಿದು. ಅಂಥ ಓದುಗರಿಗೆ ನೀವಾದ್ರೂ ಕುರಿ ಕಥೆ ಹೇಳ್ತೀರಾ?

ಹಾಗಾಗಿ ಗೋಡೆ ಶುರು ಮಾಡಿದೆ. ಕಾರಿಡಾರಿನಲ್ಲಿ ಹಳೇ ನೋಟಿಸ್ ಬೋರ್ಡ್ ಒಂದಿತ್ತು. ವಾರಕ್ಕೆ ಆರೇಳು ಹಾಳೆ, ಮಕ್ಕಳೇ ಬರೆದದ್ದು, ಮಕ್ಕಳೇ ಗುಂಡುಪಿನ್ನು ಚುಚ್ಚೋದು. ಗೋಡೆ ಪತ್ರಿಕೆ ನಾನು ಕಂಡುಹಿಡಿದದ್ದೇನಲ್ಲ, ನಮ್ಮ ಶಾಲೆ, ಹಾಸ್ಟೆಲುಗಳಲ್ಲಿ ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆ ಹಳೇ ರೂಢಿ. ಎಲ್ಲರೂ ಅದಕ್ಕೊಂದು ಹೆಸರಿಡ್ತಾರೆ. ನಮ್ಮ ಹುಡುಗರು ಹೆಸರಿಗಾಗಿ ಎರಡು ದಿನ ಜಗಳಾಡಿ ಕೊನೆಗೆ 'ಗೋಡೆ' ಅಂತಲೇ ಕರೆದರು.

ಅದರಿಂದ ಆದ ಒಳ್ಳೇದನ್ನ ನಾನು ಇವತ್ತಿಗೂ ಅಲ್ಲಗಳೆಯೋದಿಲ್ಲ. ಶುಂಠಿ ಬಗ್ಗೆ ಒಬ್ಬ ಬರೆದ. ಒಂದು ಮೂಟೆ ಅಂದ್ರೆ ಐವತ್ತು ಕೆ.ಜಿ. ಅಂತ ಬರೆದಿದ್ದ. ನನಗೆ ಅದು ತಪ್ಪು ಅಂತ ಗೊತ್ತೂ ಇರಲಿಲ್ಲ, ಟಿಕ್ ಹಾಕಿದ್ದೆ. ಮಾರನೇ ದಿನ ಬೆಳಿಗ್ಗೆ ಅದರ ಕೆಳಗೆ ಬೇರೆ ಕೈಬರಹದಲ್ಲಿ 'ಶುಂಠಿ ಮೂಟೆ 60 ಕೆ.ಜಿ., ನಮ್ಮಪ್ಪನ್ನ ಕೇಳು' ಅಂತ ಇತ್ತು. ಮುಂದಿನ ವಾರದಿಂದ ಆ ಹುಡುಗ ಏನು ಬರೆದರೂ ಮನೆಯಲ್ಲಿ ಕೇಳಿಕೊಂಡು ಬಂದು ಬರೆಯೋನು. ನಾನು ವರ್ಷವಿಡೀ ಪಾಠ ಮಾಡಿದರೂ ಹುಟ್ಟದ ಜವಾಬ್ದಾರಿ ಒಂದು ಗುಂಡುಪಿನ್ನಿಗೆ ಹುಟ್ಟಿತು. ಶೌಚಾಲಯದ ನಲ್ಲಿ ಕೆಟ್ಟಿದೆ ಅಂತ ನಾಲ್ಕು ಹುಡುಗಿಯರು ಸೇರಿ ಬರೆದರು. ಎಂಟನೇ ದಿನಕ್ಕೆ ಹೊಸ ನಲ್ಲಿ ಬಂತು.

ಆದರೆ ಅದೇ ಗೋಡೆಯ ಇನ್ನೊಂದು ಮುಖವೂ ಬೇಗ ಕಾಣಿಸಿತು. ಆ ಕಡೆ ಮಕ್ಕಳಿಗೆ ಅಕಾರ-ಹಕಾರದ ಗೊಂದಲ ಇರೋದು ನಿಮಗೆ ಗೊತ್ತಿರಬಹುದು. ಮಾತಿನಲ್ಲಿ ಹಕಾರ ಬೀಳೋದರಿಂದ ಬರಹದಲ್ಲೂ ಬೀಳುತ್ತೆ. ಒಬ್ಬ ತನ್ನ ಮನೆಯ ಹಸುವಿನ ಬಗ್ಗೆ ಚೆಂದಾಗಿ ಬರೆದು, ಉದ್ದಕ್ಕೂ 'ಅಸು' ಅಂತ ಬರೆದಿದ್ದ. ಅಸು ಅಂದ್ರೆ ಪ್ರಾಣ. ಅವನ ಪಾಲಿಗೆ ಅದು ಸರಿಯಾದ ಪದವೇ ಇರಬಹುದು, ಬಿಡಿ. ಆದರೆ ಗೋಡೆ ಓದಿದ ಹತ್ತನೇ ಕ್ಲಾಸಿನವರು ಅವನಿಗೆ 'ಅಸು' ಅಂತಲೇ ಹೆಸರಿಟ್ಟರು. ಆ ವರ್ಷ ಮುಗಿಯೋವರೆಗೂ ಅವನು ಅಸುವೇ. ಅವನ ಕಾಗುಣಿತ ತಿದ್ದಿಕೊಂಡಿತು, ನಿಜ. ಗೋಡೆಯ ಹತ್ತಿರ ಮಾತ್ರ ಮತ್ತೆ ಬರಲಿಲ್ಲ. ಇದನ್ನ ಲಾಭದ ಲೆಕ್ಕಕ್ಕೆ ಬರೀಬೇಕಾ, ನಷ್ಟದ ಲೆಕ್ಕಕ್ಕಾ? ನಾನು ಆಗ ಲಾಭಕ್ಕೆ ಬರೆದುಕೊಂಡೆ. ಇಪ್ಪತ್ತಮೂರು ವರ್ಷ ನನಗೆ. ಗೋಡೆ ಗೆಲ್ಲಬೇಕಿತ್ತು.

ಆ ಆಗಸ್ಟ್ ನಿಮಗೂ ನೆನಪಿರುತ್ತೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು, ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲ ಟಿವಿಯಲ್ಲಿ ಬಂತು. ನಮ್ಮ ಕಡೆ ಬೆಟ್ಟ ಇಲ್ಲ, ಕುಸಿಯೋಕೆ. ಹೊಳೆ ಏರಿತು, ಇಳಿಯಿತು. ಶಾಲೆಗೆ ರಜೆ ಕೊಟ್ಟರು, ಮತ್ತೆ ತೆರೆದರು. ಅಷ್ಟೇ ಅಂದುಕೊಂಡಿದ್ದೆ.

ಡಿಸೆಂಬರ್‌ನಲ್ಲಿ 'ನಮ್ಮ ಮನೆಯ ಒಂದು ವಸ್ತು' ಅಂತ ವಿಷಯ ಕೊಟ್ಟೆ. ಪಾಠವನ್ನ ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತಲ್ಲ, ಬಿ.ಎಡ್.ನಲ್ಲಿ ಬಾಯಿಪಾಠ ಮಾಡಿದ್ದೆ. ಹಿಂದಿನ ಬೆಂಚಿನ ಒಬ್ಬಳು, ಅಲ್ಲಿವರೆಗೂ ನಾಲ್ಕು ಸಾಲಿಗಿಂತ ಹೆಚ್ಚು ಬರೆಯದವಳು, ಎರಡೂವರೆ ಪುಟ ಬರೆದಳು. ಅವಳ ಹೆಸರು ಬೇಡ. ಇಲ್ಲಿ ಕೆಲವು ವಿವರಗಳನ್ನ ಬದಲಾಯಿಸಿದ್ದೇನೆ, ಯಾವುವು ಅಂತ ಹೇಳೋದಿಲ್ಲ.

ಅವಳು ಬರೆದದ್ದು ಅವ್ವನ ಓಲೆ ಬಗ್ಗೆ. ಅಪ್ಪ ಅದನ್ನ ಗಿರವಿ ಇಟ್ಟದ್ದು, ಚಿಕ್ಕಮ್ಮನ ಮಗಳ ಮದುವೆಗೆ ಅವ್ವ ಒನ್ ಗ್ರಾಂ ಗೋಲ್ಡ್ ಓಲೆ ಹಾಕಿಕೊಂಡು ಹೋದದ್ದು, ಅಲ್ಲಿ ಯಾರೋ ಹೆಂಗಸರು 'ಎಲ್ಲಿ ಮಾಡಿಸ್ದೆ, ಚೆಂದಾಗದೆ' ಅಂತ ಓಲೆ ಮುಟ್ಟಿ ನೋಡಿದಾಗ ಅವ್ವ ಸೆರಗು ಎಳೆದುಕೊಂಡದ್ದು. ಊಟಕ್ಕೂ ಕೂರದೆ ಬಸ್ಸು ತಪ್ಪಿಹೋಗುತ್ತೆ ಅಂತ ಹೊರಟುಬಂದದ್ದು. ಎಲ್ಲೂ ಒಂದು ದೊಡ್ಡ ಪದ ಇಲ್ಲ. ಅಯ್ಯೋ ಅನ್ನೋದಿಲ್ಲ. ಯಾಕೆ ಗಿರವಿ ಇಟ್ಟರು ಅಂತಲೂ ಇರಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿದೆ, ಕೂತುಕೊಳ್ಳೋದು ಮರೆತುಹೋಗಿತ್ತು.

ಅವಳನ್ನ ಕರೆದು ಕೇಳಿದೆ, "ಗೋಡೆಗೆ ಹಾಕ್ಲಾ?"

"ಹೂಂ ಮಿಸ್."

ಈ 'ಹೂಂ ಮಿಸ್' ಬಗ್ಗೆ ನಾನು ಏಳೆಂಟು ವರ್ಷ ಯೋಚನೆ ಮಾಡಿದ್ದೇನೆ. ಕೇಳಿದವಳು ನಾನು, ಒಪ್ಪಿದವಳು ಅವಳು, ಎಲ್ಲ ಸರಿಯಾಗಿದೆಯಲ್ಲ? ಆದರೆ ಅವಳ ಜಾಗದಲ್ಲಿ ಒಂದು ಸಲ ನಿಂತು ನೋಡಿ. ಹದಿಮೂರು ವರ್ಷ. ಮೊದಲನೇ ಸಲ ಟೀಚರ್ ನಿಮ್ಮನ್ನ ಹೆಸರು ಹಿಡಿದು ಕರೆದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಿದ್ದಾರೆ. ಅದೇ ಹಾಳೆಗೆ ಅವರೇ ಅಂಕ ಕೊಡಬೇಕು. ಅವರ ಕೈಯಲ್ಲಿ ಆಗಲೇ ಗುಂಡುಪಿನ್ನಿದೆ. ಬೇಡ ಅನ್ನೋಕೆ ಯಾವ ಬಾಯಿ ಬರುತ್ತೆ? ನಮ್ಮ ಕಡೆ ಮಕ್ಕಳು ದೊಡ್ಡವರಿಗೆ ಇಲ್ಲ ಅನ್ನೋದನ್ನ ಸುಮ್ಮನಿರೋದರ ಮೂಲಕ ಹೇಳ್ತಾರೆ. ಸುಮ್ಮನಿರೋಕೂ ನಾನು ಜಾಗ ಬಿಟ್ಟಿರಲಿಲ್ಲ.

ಗೋಡೆಗೆ ಹಾಕಿದ್ದರೆ ಅಷ್ಟಕ್ಕೇ ಹೋಗ್ತಿತ್ತೋ ಏನೋ. ನಾನು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದೆ. 'ಎಂಟನೇ ಕ್ಲಾಸಿನ ಹುಡುಗಿ ಬರೆದದ್ದು, ದಯವಿಟ್ಟು ಓದಿ.' ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಅದರಲ್ಲಿ ಅವಳ ಬಗ್ಗೆ ಹೆಮ್ಮೆ ಎಷ್ಟಿತ್ತೋ ಇಂಥ ಹುಡುಗಿಯ ಟೀಚರ್ ನಾನು ಅನ್ನೋ ಹೆಮ್ಮೆಯೂ ಅಷ್ಟೇ ಇತ್ತು. ಸ್ಟೇಟಸ್ ಅಲ್ವಾ, 24 ಗಂಟೆಗೆ ತಾನೇ ಹೋಗುತ್ತೆ ಅನ್ನೋ ಧೈರ್ಯ ಬೇರೆ. ಅಷ್ಟರೊಳಗೆ ಯಾರೋ ಸ್ಕ್ರೀನ್‌ಶಾಟ್ ತೆಗೆದಿದ್ದರು. ಶನಿವಾರ ಹಾಕಿದ್ದು ಭಾನುವಾರ ಸಂಜೆಗೆ ಕೊಣನೂರಿನಲ್ಲಿದ್ದ ಆ ಚಿಕ್ಕಮ್ಮನ ಫೋನಿಗೆ ತಲುಪಿತ್ತು. ಹೆಸರು ಮುಚ್ಚಿದ್ದೆ ನಾನು. ಮದುವೆ, ಬಸ್ಸು, ಓಲೆ ಇಷ್ಟು ಸಾಕಾಯ್ತು ಅವರಿಗೆ. ಹಳ್ಳಿಯಲ್ಲಿ ಹೆಸರು ಮುಚ್ಚೋದು ಅಂದ್ರೆ ಮುಖಕ್ಕೆ ಸೆರಗು ಹಾಕಿಕೊಂಡು ತನ್ನದೇ ಬೀದಿಯಲ್ಲಿ ನಡೆದಂಗೆ. ಗಿರವಿ ಯಾಕೆ ಇಟ್ಟರು ಅಂತ ಹಾಳೆಯಲ್ಲಿ ಇರಲಿಲ್ಲವಲ್ಲ, ಅದನ್ನ ಓದಿದವರೆಲ್ಲ ತಮಗೆ ತೋಚಿದ್ದು ತುಂಬಿಕೊಂಡರು. ಕುಡಿತ ಅಂದರು. ಇಸ್ಪೀಟು ಅಂದರು. ನಾನೂ ಮನಸ್ಸಿನಲ್ಲೇ ಕುಡಿತ ಅಂದುಕೊಂಡಿದ್ದೆ.

ಸೋಮವಾರ ಅವಳ ಅವ್ವ ಬಂದರು. ಕಿವಿಯಲ್ಲಿ ಆ ಒನ್ ಗ್ರಾಂ ಓಲೆಯೂ ಇರಲಿಲ್ಲ, ತೂತು ಮುಚ್ಚದಿರಲಿ ಅಂತ ಪೊರಕೆ ಕಡ್ಡಿ ಸಿಕ್ಕಿಸಿಕೊಂಡಿದ್ದರು. ಬೈತಾರೆ ಅಂತ ನಾನು ತಯಾರಾಗಿದ್ದೆ. ಬೈಯಲಿಲ್ಲ.

"ಮಗ ಬರ್ದಿರದು ಸುಳ್ಳಲ್ಲ ಮಿಸ್. ಚೆಂದಾಗೇ ಬರ್ದವಳೆ ಅಂದ್ರು. ಆದ್ರೆ ಆ ಓಲೆ ಅವಳ್ದಲ್ಲ, ನಂದು."

ಇಷ್ಟೇ ಹೇಳಿದ್ದು. ಹಾಳೆ ತಾವೇ ಬಿಡಿಸಿಕೊಂಡು, ಗುಂಡುಪಿನ್ನು ನನ್ನ ಕೈಗೆ ಕೊಟ್ಟು ಹೋದರು.

ಆಮೇಲಿಂದ ಆ ಹುಡುಗಿ ಹಬ್ಬಗಳ ಬಗ್ಗೆ ಬರೆದಳು, ಸ್ವಚ್ಛ ಭಾರತದ ಬಗ್ಗೆ ಬರೆದಳು. ಗೈಡಿನಲ್ಲಿದ್ದಂತೆಯೇ, ಒಂದು ಕಾಗುಣಿತ ತಪ್ಪಿಲ್ಲದೆ. ಮಾರ್ಚ್‌ವರೆಗೂ.

ಈ ದಾರಿಯಲ್ಲಿ ಮುಗ್ಗರಿಸಿದವಳು ನಾನೊಬ್ಬಳೇ ಅಲ್ಲ. ಫ್ರಾನ್ಸಿನಲ್ಲಿ ಸೆಲೆಸ್ತಾಂ ಫ್ರೆನೆ ಅಂತ ಒಬ್ಬ ಹಳ್ಳಿ ಮೇಷ್ಟ್ರು ಇದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಗಂಟೆಗಟ್ಟಲೆ ಪಾಠ ಮಾಡೋ ಉಸಿರಿರಲಿಲ್ಲ. 1924ರಲ್ಲಿ ಅವರು ತರಗತಿಗೆ ಒಂದು ಪುಟ್ಟ ಮುದ್ರಣ ಯಂತ್ರ ತಂದರು. ಮಕ್ಕಳು ತಮಗನ್ನಿಸಿದ್ದು ಬರೀತಿದ್ದರು, ತಾವೇ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕ್ತಿದ್ದರು, ಬೇರೆ ಊರಿನ ಶಾಲೆಗೆ ಕಳಿಸ್ತಿದ್ದರು. ಆಮೇಲೆ ಸೇಂಟ್ ಪಾಲ್ ಅನ್ನೋ ಊರಿಗೆ ಬಂದರು. ಅಲ್ಲಿ ಒಂದು ಮಗು ತನಗೆ ಬಿದ್ದ ಕನಸನ್ನ ಬರೆಯಿತು. ಕನಸಿನಲ್ಲಿ ಮಕ್ಕಳೆಲ್ಲ ಊರಿನ ಮೇಯರ್ ಮೇಲೆ ದಂಗೆ ಎದ್ದಿದ್ದರು, ಮೇಯರ್ ಸತ್ತಿದ್ದ. 1932ರ ಡಿಸೆಂಬರ್‌ನಲ್ಲಿ ಫ್ರೆನೆಯವರಿಗೆ ಆಗದವರು ಮಕ್ಕಳ ಬರಹದ ತುಣುಕುಗಳನ್ನ ಹೆಕ್ಕಿ ಪೋಸ್ಟರ್ ಮಾಡಿ ಊರಿನ ಗೋಡೆಗಳಿಗೆಲ್ಲ ಅಂಟಿಸಿದರು. ದೊಡ್ಡ ಗಲಾಟೆ. ಮಾರನೇ ವರ್ಷ ಫ್ರೆನೆ ಆ ಶಾಲೆ ಬಿಡಬೇಕಾಯ್ತು. 1935ರಲ್ಲಿ ಸ್ವಂತ ಶಾಲೆ ತೆರೆದರು.

ಈ ಕಥೆ ಓದಿದಾಗ ನನಗೆ ಮೊದಲು ಸಮಾಧಾನವೇ ಆಯ್ತು, ದೊಡ್ಡವರಿಗೂ ಹೀಗಾಗಿದೆ ಅಂತ. ಆಮೇಲೆ ನಾಚಿಕೆಯಾಯ್ತು. ಅಲ್ಲಿ ಮಗುವಿನ ಮಾತನ್ನ ಊರ ಗೋಡೆಗೆ ಅಂಟಿಸಿದವರು ಮೇಷ್ಟ್ರ ವೈರಿಗಳು. ಇಲ್ಲಿ ಅಂಟಿಸಿದವಳು ಮಿಸ್ಸೇ. ಅಲ್ಲಿ ಬಯಲಾದವನು ಮೇಯರ್, ಇಲ್ಲಿ ಮದುವೆ ಊಟ ಬಿಟ್ಟು ಬಸ್ಸು ಹತ್ತಿದ ಹೆಂಗಸು.

ಹಾಗಾದ್ರೆ ಹೀಗೊಂದು ನಿಯಮ ಮಾಡೋಣ ಅನ್ನಿಸಿತು: ಮಕ್ಕಳು ತಮಗಿಂತ ಬಲ ಇರೋರ ಬಗ್ಗೆ ಬರೆದರೆ ಗೋಡೆಗೆ ಹಾಕು, ಬಲ ಇಲ್ಲದವರ ಬಗ್ಗೆ ಬರೆದರೆ ಹಾಕಬೇಡ. ನಮ್ಮ ಕರ್ನಾಟಕದಲ್ಲೇ ಭೀಮ ಸಂಘ ಅಂತ ದುಡಿಯುವ ಮಕ್ಕಳ ಸಂಘ 1990ರಲ್ಲಿ ಶುರುವಾಯ್ತು. 'ಭೀಮ ಪತ್ರಿಕೆ' ಅನ್ನೋ ಗೋಡೆ ಪತ್ರಿಕೆ ಆ ಮಕ್ಕಳದ್ದು. ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ, ಬೀದಿದೀಪ ಯಾಕಿಲ್ಲ, ಅಂಗನವಾಡಿ ಯಾಕೆ ಸೋರುತ್ತೆ ಅಂತ ಮಕ್ಕಳು ಅಧ್ಯಕ್ಷರನ್ನೇ ಕೇಳ್ತಾರೆ. ಅದು ಬೀದಿಗೆ ಬರಬೇಕಾದ ಮಾತು. ನಮ್ಮ ಹುಡುಗಿಯರ ನಲ್ಲಿಯ ಹಾಗೆ.

ಆದರೆ ಈ ನಿಯಮ ಮನೆ ಬಾಗಿಲಿಗೆ ಬಂದ ಕೂಡಲೇ ಮುರಿದುಬೀಳುತ್ತೆ. ಅಪ್ಪ ದಿನಾ ಹೊಡೀತಾನೆ ಅಂತ ಒಂದು ಮಗು ಬರೆದರೆ? ಊರಿನ ಲೆಕ್ಕದಲ್ಲಿ ಅವನು ಕೂಲಿಯವನು, ಬಲ ಇಲ್ಲದವನು. ಆ ಮನೆಯೊಳಗೆ ಅವನೇ ಮೇಯರ್. ಮನೆ ಮಾತು ಹೊರಗೆ ಆಡಬಾರದು ಅಂತ ನಾವು ಮಕ್ಕಳ ಬಾಯಿ ಮುಚ್ಚಿಸಿದ್ದು ಸಾಕಷ್ಟಾಗಿದೆ, ಅದರಿಂದ ಯಾರಿಗೆ ಲಾಭವಾಗಿದೆ ಅಂತಲೂ ಗೊತ್ತು. ಆ ಹಾಳೆಯನ್ನ ಡ್ರಾಯರಿನಲ್ಲಿ ಇಡೋದು ಪಾಪ. ಗೋಡೆಗೆ ಹಾಕೋದು ಇನ್ನೂ ದೊಡ್ಡ ಪಾಪ, ಸಂಜೆ ಆ ಮಗು ಅದೇ ಮನೆಗೆ ಹೋಗಬೇಕಲ್ಲ. ಅದಕ್ಕೆ ಬೇಕಾದದ್ದು ಏನಾದರೂ ಮಾಡಬಲ್ಲ ಒಬ್ಬರು. ಟೀಚರ್ ಆಗಿರಬಹುದು, 1098ರಲ್ಲಿ ಫೋನ್ ಎತ್ತುವವರಾಗಿರಬಹುದು. ನಾನು ಆ ಡಿಸೆಂಬರ್‌ನಲ್ಲಿ ಗಲಿಬಿಲಿ ಮಾಡಿಕೊಂಡದ್ದು ಇಲ್ಲೇ ಅನ್ಸುತ್ತೆ. ಮಗುವಿಗೆ ಓದುಗರು ಬೇಕು ಅನ್ನೋದು ಸರಿಯಾಗಿತ್ತು. ಅವಳು ಎರಡೂವರೆ ಪುಟ ಬರೆದಾಗ ಅವಳಿಗೊಬ್ಬ ಓದುಗಳು ಸಿಕ್ಕಿದ್ದಳು, ನಾನು. ನನ್ನನ್ನ ನಂಬಿ ಬರೆದದ್ದು ಅದು. ನಾನು ಓದಿ ಮುಗಿಸಿದ ತಕ್ಷಣ ಜನ ಸೇರಿಸಿದೆ.

ಕಾನೂನು ಏನು ಹೇಳುತ್ತೆ? 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನ ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಅದರ 13ನೇ ವಿಧಿ ಮಗುವಿಗೆ ತನ್ನ ಅಭಿಪ್ರಾಯ ಹೇಳೋ ಹಕ್ಕು ಕೊಡುತ್ತೆ, 16ನೇ ವಿಧಿ ಖಾಸಗಿತನದ ಹಕ್ಕು ಕೊಡುತ್ತೆ. ಎರಡೂ ಒಂದೇ ಮಗುವಿಗೆ, ಒಂದೇ ಹಾಳೆಯ ಮೇಲೆ. ಯಾವುದು ಮುಂದೆ ಅಂತ ಆ ಹೊತ್ತಿಗೆ ಅಲ್ಲಿರೋ ಟೀಚರೇ ನೋಡಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತೆ. ನಮ್ಮ ಆಫೀಸಿನ ಟಿಕ್ ಬಾಕ್ಸ್ ಅಲ್ಲಿಂದ ಬಂದದ್ದು. ಒಳ್ಳೇದೇ. ಆದರೆ ಆ ಟಿಕ್ ಯಾರು ಹಾಕ್ತಾರೆ? ಜೂನ್‌ನಲ್ಲಿ, ಫೀಸು ಕಟ್ಟುವಾಗ, ಇಪ್ಪತ್ತು ಟಿಕ್‌ಗಳ ನಡುವೆ ಅಪ್ಪ ಹಾಕ್ತಾನೆ. ಮಗಳು ಡಿಸೆಂಬರ್‌ನಲ್ಲಿ ಓಲೆ ಬಗ್ಗೆ ಬರೀತಾಳೆ. ಓಲೆ ಅವ್ವನದ್ದು. ಅವ್ವನನ್ನ ಕೇಳೋ ಬಾಕ್ಸ್ ನಮ್ಮ ಫಾರಂನಲ್ಲಿ ಇಲ್ಲ.

ಅರ್ಧ ಪುಟ ಕೊನೆಗೂ ಬರೆದುಕೊಟ್ಟೆ. ಮಗುವನ್ನ ಅದೇ ದಿನ ಕೇಳಬೇಡಿ, ಮೂರು ದಿನ ಬಿಟ್ಟು ಕೇಳಿ. ಅಂಕ ಕೊಟ್ಟು ಮುಗಿಸಿದ ಮೇಲೆ ಕೇಳಿ. ಬರಹದಲ್ಲಿ ಇನ್ನೊಬ್ಬರಿದ್ದರೆ 'ಅವರಿಗೆ ಓದಿ ಹೇಳಿದೆಯಾ' ಅಂತ ಕೇಳಿ, ಓದಿ ಹೇಳೋಕೆ ಹೆದರಿಕೆ ಆಗುತ್ತೆ ಅಂದರೆ ಬಟನ್ ಬಿಟ್ಟು ಮೊದಲು ಆ ಹೆದರಿಕೆಯ ಕಡೆ ನೋಡಿ. ತೆಗೆಯೋ ಬಟನ್ ಮಗುವಿನ ಕೈಯಲ್ಲೇ ಇರಲಿ. ಕೊನೆಗೆ, ಹಾಕಿದ್ದು ತಿಂಗಳಿಗೆ ತಾನಾಗಿ ಅಳಿಸಿಹೋಗಲಿ ಅಂತಲೂ ಸೇರಿಸಿದೆ. ನಮ್ಮ ಕಾರಿಡಾರಿನ ಹಾಳೆಗಳು ಇರಚಲಿಗೆ ನೆನೆದು, ಬಣ್ಣ ಹೋಗಿ, ಮೇಲೆ ಇನ್ನೊಂದು ಹಾಳೆ ಬಂದು ಮರೆಯಾಗ್ತಿದ್ದವು. ಯಾರು ಓದ್ತಿದ್ದಾರೆ ಅಂತ ಬರೆದ ಮಗು ಕಂಬದ ಹಿಂದೆ ನಿಂತು ನೋಡಬಹುದಿತ್ತು. ಬೇಡ ಅನ್ನಿಸಿದರೆ ಕಿತ್ತುಕೊಂಡು ಹೋಗಬಹುದಿತ್ತು. ಫೋನಿನಲ್ಲಿ ಕಂಬ ಇಲ್ಲ.

ಕೊನೇದನ್ನ ಹೊಡೆದುಹಾಕಿದರು. ಮಗುವಿನ ಎಲ್ಲ ವರ್ಷಗಳ ಬರಹವೂ ಒಂದೇ ಕಡೆ ಸಿಗುತ್ತೆ ಅನ್ನೋದೇ ಪೋಷಕರಿಗೆ ನಾವು ಮಾರೋ ಮಾತು, ಅದನ್ನ ಅಳಿಸಿದರೆ ಏನು ಉಳೀತು? ಮೂರು ದಿನ ಒಂದು ದಿನವಾಯ್ತು. ಉಳಿದವು ಇವೆ, ಚಿಕ್ಕ ಅಕ್ಷರದಲ್ಲಿ. ನಾನು ರಾಜೀನಾಮೆ ಏನೂ ಕೊಡಲಿಲ್ಲ. ಮನೆ ಬಾಡಿಗೆ ಇದೆ.

ಇಷ್ಟು ಬರೆದ ಮೇಲೆ ಒಂದು ಪ್ರಶ್ನೆ ನೀವು ಕೇಳೇ ಕೇಳ್ತೀರಿ. ಈಗ ಇಲ್ಲಿ ಮಾಡ್ತಿರೋದೇನು ಮತ್ತೆ? ಅದೇ ಓಲೆ, ಅದೇ ಮದುವೆ, ಇನ್ನೂ ದೊಡ್ಡ ಗೋಡೆ.

ಅದಕ್ಕೇ ಇದನ್ನ ಮೊದಲು ಅವಳಿಗೆ ಕಳಿಸಿದೆ. ನಂಬರ್ ಸಿಕ್ಕೋಕೆ ನಾಲ್ಕು ದಿನ ಬೇಕಾಯ್ತು. ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ ಈಗ. ಓದಿ, ಎರಡು ಕಡೆ ತಿದ್ದಿದಳು. ಅವ್ವ ಹಾಳೆ ಬಿಡಿಸಿಕೊಳ್ಳುವಾಗ ಅವಳು ಬಾಗಿಲ ಹತ್ತಿರ ಅಳ್ತಾ ನಿಂತಿದ್ದಳು ಅಂತ ನಾನು ಬರೆದಿದ್ದೆ. "ನಾನು ಅತ್ತಿರ್ಲಿಲ್ಲ ಮಿಸ್, ಅದು ತೆಗೀರಿ" ಅಂದಳು. ತೆಗೆದಿದ್ದೇನೆ. ಇನ್ನೊಂದು ತಿದ್ದುಪಡಿ ಏನು ಅಂತ ಹೇಳಬಾರದು ಅಂದಿದ್ದಾಳೆ. ಉಳಿದದ್ದಕ್ಕೆ, ಅವ್ವನ್ನ ಕೇಳಿ ಹೇಳ್ತೀನಿ ಅಂದಳು.

ಎರಡು ವಾರ ಸುದ್ದಿಯಿಲ್ಲ. ಬೇಡ ಅಂತಲೇ ಅರ್ಥ, ಸುಮ್ಮನಿರೋದೇ ಉತ್ತರ ಅಂದುಕೊಂಡು ಇದನ್ನ ಬದಿಗಿಟ್ಟಿದ್ದೆ. ಮೂರನೇ ವಾರ ಭಾನುವಾರ ಫೋನ್ ಮಾಡಿದಳು. ಊರಿಗೆ ಹೋಗಿ ಪೂರ್ತಿ ಓದಿ ಹೇಳಿದ್ದಾಳೆ, ಎರಡು ಸಲ. ಊರಿನ ಹೆಸರು ತೆಗೀಬೇಕಾ ಅಂತ ಕೇಳಿದೆ. "ಯಾಕ್ ತೆಗೀಬೇಕು, ಊರೇನು ತಪ್ಪು ಮಾಡದೆ" ಅಂದರಂತೆ. ಒಂದೇ ಒಂದು ಸೇರಿಸಬೇಕಂತೆ. ಆಗ ಮಗ ಬರೀಲಿಲ್ಲ, ಮಿಸ್ಸೂ ಕೇಳಲಿಲ್ಲ, ಜನ ಕುಡಿದು ಕಳೆದ ಅಂದುಕೊಂಡರು. ಅವರ ಅಪ್ಪ ಕುಡಿಯೋರಲ್ಲ. ಆ ವರ್ಷ ಆಗಸ್ಟಿನ ಮಳೆಗೆ ಎರಡು ಎಕರೆ ಶುಂಠಿ ಕೊಳೆತುಹೋಗಿತ್ತು.